ಸಾವಿರದಾರುನೂರರಲ್ಲಿ ತೆಗೆದ ಗೋಡೆ

ಕಾಲುವೆ ಕಚೇರಿಗೂ ಒಬ್ಬ ಫೋಟೋಗ್ರಾಫರ್ ಬೇಕಾಗುತ್ತಾನೆ ಎಂಬುದು ನನಗೆ ತಿಳಿದದ್ದು ಆ ಕೆಲಸಕ್ಕೆ ಅರ್ಜಿ ಹಾಕುವ ಎರಡು ದಿನ ಮೊದಲು. ಆಗ ನಾನು ಸುರಪುರದ ಒಂದು ಸ್ಟುಡಿಯೋದಲ್ಲಿ ಮದುಮಕ್ಕಳ ಗದ್ದ ಎತ್ತಿ ಹಿಡಿದು, "ಜರಾ ನಗ್ರಿ" ಅನ್ನುವ ಕೆಲಸದಲ್ಲಿದ್ದೆ. ಕೃಷ್ಣೆಯ ನೀರನ್ನು ಸುರಪುರ, ಶಹಾಪುರ ಸೀಮೆಯ ಹೊಲಗಳಿಗೆ ತರಲು ಎಲ್ಲೆಲ್ಲೂ ಕಾಲುವೆ ತೋಡುತ್ತಿದ್ದ ಕಾಲ. ಸಂದರ್ಶನದಲ್ಲಿ ಒಬ್ಬರು ಕೇಳಿದರು: "ಮಂದಿ ಫೋಟೋ ತಗೀತಿ, ಖರೆ. ಮಣ್ಣಿನ ಫೋಟೋ ತಗೀಲಿಕ್ಕ ಬರ್ತದೇನು?"

"ಮಣ್ಣು ಅಳ್ಳಾಡಂಗಿಲ್ರಿ ಸರ್, ಸರಳ ಆಗ್ತದ" ಎಂದೆ. ನಕ್ಕರು. ಕೆಲಸ ಸಿಕ್ಕಿತು. ಮಣ್ಣೂ ಸಿಮೆಂಟೂ ಮದುಮಗಳಿಗಿಂತ ಕಷ್ಟ ಎಂದು ಆಮೇಲೆ ಗೊತ್ತಾಯಿತು.

ಈಗ ನಿವೃತ್ತನಾಗಿ ಶಹಾಪುರದ ಮನೆಯಲ್ಲಿದ್ದೇನೆ. ನನ್ನ ಜಾಗಕ್ಕೆ ಅಶ್ವಿನಿ ಎಂಬ ಹುಡುಗಿ ಬಂದಿದ್ದಾಳೆ. ಬೀಳ್ಕೊಡುಗೆಯ ದಿನ ಹಾರ, ಶಾಲು, ಭಾಷಣಗಳ ನಡುವೆ ಆಕೆ ಹತ್ತಿರ ಬಂದು, "ಸರ್, ಐಎಸ್‌ಓ ಆಟೋದಾಗ ಇಟ್ಟುಬಿಡ್ಲೇನ್ರಿ?" ಎಂದು ಕೇಳಿದಳು. ಗದ್ದಲದಲ್ಲಿ "ಇಡವ್ವ, ನಡೀತದ" ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಸರಿ ಕಾಣಲಿಲ್ಲ. ಐಎಸ್‌ಓ ಎಂದರೆ ಬೆಳಕಿಗೆ ಕ್ಯಾಮರಾ ಎಷ್ಟು ಚುರುಕಾಗಿ ಓಗೊಡಬೇಕು ಎಂದು ತಿಳಿಸುವ ಒಂದು ಅಂಕಿ, ಅಷ್ಟೇ. ಆದರೆ ನನ್ನ ಕೆಲಸದ ದೊಡ್ಡ ತಪ್ಪುಗಳೆಲ್ಲ ಆ ಅಂಕಿಯ ಸುತ್ತಲೇ ನಡೆದಿವೆ. ಅವನ್ನು ಇಲ್ಲಿ ಬರೆದಿಡುತ್ತೇನೆ. ಅಶ್ವಿನಿ ಓದಿಕೊಳ್ಳಲಿ, ಅವಳ ಹಿಂದೆ ಬರುವವರೂ ಓದಿಕೊಳ್ಳಲಿ.

ರೀಲಿನ ಕಾಲದಲ್ಲಿ ಈ ಅಂಕಿಯನ್ನು ನಾವು ಬದಲಿಸುವಂತಿರಲಿಲ್ಲ. ಅದು ರೀಲಿನ ಡಬ್ಬಿಯ ಮೇಲೆಯೇ ಅಚ್ಚಾಗಿ ಬರುತ್ತಿತ್ತು. ನೂರರ ರೀಲು ಬಿಸಿಲಿಗೆ, ನಾನೂರರ ರೀಲು ಮಬ್ಬಿಗೆ. ಒಮ್ಮೆ ನೂರರ ರೀಲು ಹಾಕಿದೆವೆಂದರೆ ಮೂವತ್ತಾರು ಫೋಟೋ ಮುಗಿಯುವ ತನಕ ಅದೇ ಗತಿ. ನಮ್ಮ ಕಚೇರಿಯ ಕಿರಿಯ ಎಂಜಿನಿಯರ್ ಆಗಿದ್ದ ಇನಾಮದಾರ ಸಾಹೇಬರು ರೀಲಿನ ವಿಷಯದಲ್ಲಿ ಬಹಳ ಬಿಗಿ. ಒಂದು ಕೆಲಸಕ್ಕೆ ಒಂದೇ ರೀಲು. ಎರಡನೆಯದು ಕೇಳಿದರೆ, "ಮೊದಲನೇದು ಏನು ತಿಂದ್ಯೇನು?" ಅನ್ನುವವರು.

ಕೊಂಕಲ್ ಕಡೆಯ ಉಪಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ನೂರರ ರೀಲು ಹಾಕಿಕೊಂಡು ಹೋದೆ. ಮಧ್ಯಾಹ್ನ ಹನ್ನೆರಡಕ್ಕೆ ನೀರು ಬರುತ್ತದೆ ಎಂದಿದ್ದರು. ಹೆಣ್ಣುಮಕ್ಕಳು ಅರಿಸಿನ, ಕುಂಕುಮ, ಹಸಿರು ಬಳೆ ಹಿಡಿದು ದಂಡೆಯ ಮೇಲೆ ಕುಳಿತಿದ್ದರು. ಹನ್ನೆರಡಾಯಿತು, ಮೂರಾಯಿತು. ಒಣ ಕಾಲುವೆ ದಾರಿಯುದ್ದಕ್ಕೂ ನೀರು ಕುಡಿಯುತ್ತಿದ್ದುದರಿಂದ ನೀರು ಮುಂದೆ ಸಾಗಲೇ ಇಲ್ಲ. ಕೊನೆಗೆ ಹೊತ್ತು ಮುಳುಗಿದ ಮೇಲೆ ಕಸಕಡ್ಡಿ, ನೊರೆ ಹೊತ್ತು ಕೆಂಪು ನೀರು ನೆಲ ನೆಕ್ಕುತ್ತ ಬಂತು. ಜನ ಕೇಕೆ ಹಾಕಿದರು. ಮುದುಕರು ಕಾಲುವೆಗಿಳಿದು ಮಂಡಿಯೂರಿದರು. ನಾನು ಕ್ಯಾಮರಾ ಎತ್ತಿ ನೋಡಿದರೆ ಬೆಳಕು ಅಳೆಯುವ ಮೀಟರಿನ ಮುಳ್ಳು ಏಳುತ್ತಲೇ ಇಲ್ಲ. ಉಸಿರು ಬಿಗಿಹಿಡಿದು, ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ತೆಗೆದೆ. ಗುಲಬರ್ಗಾದಲ್ಲಿ ತೊಳೆಸಿ ತಂದಾಗ ಒಂದರಲ್ಲೂ ಮುಖವಿರಲಿಲ್ಲ. ಬಣ್ಣದ ನೀರನ್ನು ಬಟ್ಟೆಯಿಂದ ಒರೆಸಿದಂತೆ ಎಲ್ಲ ಕಲಸಿಹೋಗಿತ್ತು.

ಸಾಹೇಬರು ಬೈದರು. ಅದು ಮರೆತುಹೋಯಿತು. ಆದರೆ ಊರಿನ ಹಿರಿಯ ಸಂಗಣ್ಣಗೌಡರು ಫೋಟೋ ಕೇಳಿಕೊಂಡು ಕಚೇರಿಗೆ ಬಂದರು. ತಲೆ ತಗ್ಗಿಸಿ ಒಂದು ಪ್ರತಿ ಕೊಟ್ಟೆ. ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು. ಮೆಲ್ಲಗೆ ಮೇಜಿನ ಮೇಲಿಟ್ಟು, "ಮೊದಲ ನೀರು ಇನ್ನೊಮ್ಮೆ ಬರಂಗಿಲ್ಲಲ್ಲಪ್ಪ" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಅಂದಿನಿಂದ ನನಗೆ ಮಬ್ಬು ಬೆಳಕೆಂದರೆ ಒಂದು ಬಗೆಯ ಅಂಜಿಕೆ ಹತ್ತಿಕೊಂಡಿತು.

ಆ ಅಂಜಿಕೆಯೇ ಮುಂದಿನ ತಪ್ಪಿಗೆ ಕಾರಣ. ವರ್ಷಗಳು ಕಳೆದು ಕಚೇರಿಗೆ ಡಿಜಿಟಲ್ ಕ್ಯಾಮರಾ ಬಂತು. ಅದರ ಹಿಂಬದಿಯ ಒಂದು ಗುಂಡಿ ಒತ್ತಿ ಚಕ್ರ ತಿರುಗಿಸಿದರೆ ನೂರು, ಇನ್ನೂರು, ನಾನೂರು, ಎಂಟುನೂರು, ಸಾವಿರದಾರುನೂರು. ರೀಲು ಬದಲಿಸದೆ ಫೋಟೋ ಫೋಟೋಗೂ ಅಂಕಿ ಬದಲಿಸಬಹುದು! ನನಗೆ ಹಬ್ಬವಾಯಿತು. ಚಕ್ರವನ್ನು ಸಾವಿರದಾರುನೂರಕ್ಕೆ ತಿರುಗಿಸಿದವನು ಅಲ್ಲೇ ಬಿಟ್ಟೆ. ಇನ್ನು ಯಾವ ಕತ್ತಲೂ ನನ್ನನ್ನು ಸೋಲಿಸಲಾರದು ಅಂದುಕೊಂಡೆ.

ಅಂಕಿ ಏರಿಸಿದರೆ ಬೆಳಕು ಹೆಚ್ಚುವುದಿಲ್ಲ ಎಂಬುದು ನನಗಾಗ ಗೊತ್ತಿರಲಿಲ್ಲ. ದೂರದ ಸ್ಟೇಷನ್ನಿನ ಸಣ್ಣ ದನಿ ಕೇಳಲಿ ಎಂದು ರೇಡಿಯೋದ ಕಿವಿ ತಿರುವಿದರೆ ಹಾಡೂ ಜೋರಾಗುತ್ತದೆ, ಗರಗರ ಸದ್ದೂ ಜೋರಾಗುತ್ತದೆ. ಕ್ಯಾಮರಾದಲ್ಲಿ ಆ ಗರಗರವೇ ಫೋಟೋದ ತುಂಬ ಎರಚಿದ ಕಪ್ಪು, ಬಿಳಿ ಕಾಳುಗಳಾಗಿ ಕಾಣಿಸುತ್ತದೆ. ಹಳೆಯ ಕ್ಯಾಮರಾಗಳಲ್ಲಂತೂ ವಿಪರೀತ.

ಗೋಗಿಯ ದಾರಿಯಲ್ಲಿ ಒಂದು ದಿನ್ನೆಯ ಅಡಿಯಿಂದ ಕಾಲುವೆ ಹಾಯುವ ಕಡೆ ಸುರಂಗದಂಥ ಒಂದು ಮುಚ್ಚಿದ ಮೋರಿ ಇತ್ತು. ಬೇಸಗೆಯಲ್ಲಿ ನೀರು ನಿಲ್ಲಿಸಿದ್ದಾಗ ಅದರ ಒಳಗೋಡೆಗೆ ಹೊಸದಾಗಿ ಕಾಂಕ್ರೀಟು ಹಾಕಿಸಿದ್ದರು. ಹಾಕಿದವನು ಗೌಂಡಿ ಮರೆಪ್ಪ. ಗೋಗಿಯವನೇ. ಬೌದ್ಧ ಮನೆತನ. ಮಾತು ಕಡಿಮೆ, ಕೆಲಸ ನಾಜೂಕು. ಅವನು ಗೋಡೆ ಸವರಿದನೆಂದರೆ ಎಂಜಿನಿಯರುಗಳೂ ಒಮ್ಮೆ ಕೈಯಾಡಿಸಿ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ನಾನು ಹೋಗಿ, ಕ್ಯಾಮರಾ ಕೈಯಲ್ಲೇ ಹಿಡಿದು, ಹದಿನೈದು ಫೋಟೋ ತೆಗೆದು ಬಂದೆ. ಒಳಗೆ ಕಾವಳ. ಸಾವಿರದಾರುನೂರಿದ್ದರೂ ಫೋಟೋ ಕಪ್ಪಗೇ ಬಂದಿತ್ತು. ನಾನೇ ಕಂಪ್ಯೂಟರಿನಲ್ಲಿ ಎಳೆದು ಬೆಳ್ಳಗೆ ಮಾಡಿದೆ. ಪ್ರಿಂಟಿನ ಜೆರಾಕ್ಸ್ ತೆಗೆದು ಮೇಲಿನ ಕಚೇರಿಗೆ ಕಳಿಸಿದೆವು.

ವಾರದಲ್ಲಿ ಕಾಗದ ಬಂತು. ಗೋಡೆಯ ತುಂಬ ಜೇನುಗೂಡಿನಂಥ ತೂತುಗಳು ಕಾಣುತ್ತಿವೆ, ಕಾಂಕ್ರೀಟು ಸರಿಯಾಗಿ ಕೂತಿಲ್ಲ, ಒಡೆದು ಮತ್ತೆ ಹಾಕಿಸಬೇಕು, ಹಾಕಿದ ಗೌಂಡಿಯನ್ನು ಇನ್ನು ಮುಂದೆ ಕಾಲುವೆಯ ಯಾವ ಕೆಲಸಕ್ಕೂ ಕರೆಯಬಾರದು. ಕಾಲುವೆಗೆ ನೀರು ಬಿಡಲು ಹತ್ತು ದಿನ ಉಳಿದಿತ್ತು. ಗೋಡೆ ಒಡೆದರೆ ನೀರು ತಡ, ಕೊನೆಯ ಹೊಲಗಳವರು ಸಸಿಮಡಿ ಹಾಕಿಕೊಂಡು ಕಾಯಬೇಕು.

ಅಷ್ಟು ಹೊತ್ತಿಗೆ ಇನಾಮದಾರ ಸಾಹೇಬರು ಬೇರೆ ಬೇರೆ ಕಡೆ ಸುತ್ತಿ ನಮ್ಮ ಕಚೇರಿಗೇ ದೊಡ್ಡ ಎಂಜಿನಿಯರಾಗಿ ಬಂದಿದ್ದರು. ಮರೆಪ್ಪನನ್ನು ಕರೆಸಿದರು. ನಾನು ಫೋಟೋಗಳ ಕಟ್ಟು ಹಿಡಿದು ಮೂಲೆಯಲ್ಲಿ ನಿಂತಿದ್ದೆ.

"ಸಾಹೇಬ್ರ, ನಾ ಅಂಗೈ ಆಡಿಸಿ ನೋಡೀನ್ರಿ" ಎಂದ ಮರೆಪ್ಪ. "ಗ್ವಾಡಿ ಕನ್ನಡಿ ಆದಂಗ ಆಗ್ಯದ."

"ನಿನ್ನ ಅಂಗೈ ಫೈಲಿಗೆ ಹಚ್ಚಲಿಕ್ಕ ಬರಂಗಿಲ್ಲ ಮರೆಪ್ಪ" ಎಂದರು ಸಾಹೇಬರು. "ಫೋಟೋ ಹಚ್ಚ್ಯಾರ. ಇದಾ ನೋಡು."

ಮರೆಪ್ಪ ಫೋಟೋ ಕೈಗೆ ತೆಗೆದುಕೊಂಡ. ಬೆರಳಿನಿಂದ ಅದರ ಮೇಲೂ ಸವರಿ ನೋಡಿದ. "ಜಾಗಾ ನಂದೇ ಅದ್ರಿ" ಎಂದ ಕೊನೆಗೆ. "ಗ್ವಾಡಿ ನಂದಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ನಾಳೆಯಿಂದ ಒಡೆಯಲು ಶುರು ಮಾಡಬೇಕೆಂದು ಹೇಳಿದರು. ಮರೆಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನತ್ತ ಒಮ್ಮೆ ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ. ಬಾಯಲ್ಲಿ ಅಲ್ಲಗಳೆದರೂ ನಾನು ತೆಗೆದ ಫೋಟೋವನ್ನು ಅವನು ನಂಬಿದ್ದ, ತನ್ನ ಕೈಯನ್ನೇ ಅನುಮಾನಿಸತೊಡಗಿದ್ದ. ಅದೇ ನನಗೆ ಚುಚ್ಚಿದ್ದು.

ಅವನು ಹೋದ ಮೇಲೆ ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದೆ. ಗೋಡೆಗೆ ಒರಗಿಸಿದ್ದ ಅಳತೆಕೋಲೂ ಒಂದರಲ್ಲಿ ಬಂದಿತ್ತು. ಕಟ್ಟಿಗೆಯದು, ಬಿಳಿ ಬಣ್ಣ ಬಳಿದದ್ದು. ಅದರ ಮೈಮೇಲೂ ಅದೇ ತೂತುಗಳು! ಕಟ್ಟಿಗೆಗೆ ಎಲ್ಲಿಂದ ಜೇನುಗೂಡು ಬೀಳಬೇಕು? ಕ್ಯಾಮರಾ ತೆಗೆದು ಚಕ್ರ ನೋಡಿದೆ. ಸಾವಿರದಾರುನೂರು. ಅವು ಕ್ಯಾಮರಾದ ಕಾಳುಗಳು.

ಆದರೂ ಆ ಹೊತ್ತಿಗೇ ಎದ್ದು ಸಾಹೇಬರ ಬಳಿ ಹೋಗಲಿಲ್ಲ. ಇದನ್ನು ಮುಚ್ಚಿಡಬಾರದು, ಬರೆಯುತ್ತಿದ್ದೇನೆ. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವನು, ಕ್ಯಾಮರಾ ತಿಳಿದವನು ನಾನೊಬ್ಬನೇ ಎಂಬ ಹೆಸರು. ಬಾಯಿ ಬಿಟ್ಟರೆ ಅದು ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸಂಜೆ ಮನೆಯಲ್ಲಿ ರೊಟ್ಟಿ ಮುರಿದವನು ಬಾಯಿಗಿಡದೆ ಕೂತದ್ದು ನೋಡಿ ಹೆಂಡತಿ ಮಹಾದೇವಿ ಏನಾಯಿತೆಂದು ಕೇಳಿದಳು. ಹೇಳಿದೆ.

"ನಿಮ್ಮ ಗಲತಿ ಅಂತ ನಿಮಗ ಪಕ್ಕಾ ಅದ ಏನ್ರಿ?"

"ಅದ."

"ಹಂಗಾರ ಇವತ್ತ ಹೇಳಬೇಕಿತ್ತು. ನಾಳಿ ಎದ್ದಕೂಡ್ಲೆ ಹೇಳ್ರಿ. ಗ್ವಾಡಿ ಒಡದ ಮ್ಯಾಲ ಹೇಳಿದ್ರ ಆ ಮನಷ್ಯಾ ಏನ್ ಮಾಡ್ಬೇಕು?" ಎಂದು ತಾಟಿಗೆ ಪಲ್ಯ ಹಾಕಿದಳು.

ಬೆಳಿಗ್ಗೆ ಸಾಹೇಬರು ಜೀಪಿನಿಂದ ಇಳಿಯುವ ಮೊದಲೇ ಹೋಗಿ ನಿಂತೆ. "ಸರ್, ತೂತು ಗ್ವಾಡಿಯಾಗ ಇಲ್ರಿ. ನನ್ನ ಫೋಟೋದಾಗ ಅವ" ಎಂದು ಅಳತೆಕೋಲಿನ ಪ್ರಿಂಟು ತೋರಿಸಿದೆ. ಅಂಕಿಯ ಕತೆಯನ್ನೆಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಪ್ರಿಂಟನ್ನು ಬಿಸಿಲಿಗೆ ಹಿಡಿದು ನೋಡಿ, ತಣ್ಣಗೆ ಕೇಳಿದರು: "ಬಸವರಾಜ, ಇದನ್ನ ನಾನು ಮ್ಯಾಲಿನವರಿಗೆ ಬರಿಯಬೇಕಾಗ್ತದ. ಬರದ್ರ ನಿನ್ನ ಸರ್ವಿಸ್ ಬುಕ್ಕಿಗೆ ಕೆಂಪು ಶಾಯಿ ಬೀಳ್ತದ. ಗೊತ್ತದಲ್ಲ?"

"ಬೀಳ್ಲಿ ಬಿಡ್ರಿ ಸರ್."

"ಹಂಗಾರ ಕ್ಯಾಮರಾ ತಗೊಂಡು ಜೀಪ್ ಹತ್ತು. ಬರೇ ಮಾತು ಫೈಲಿಗೆ ಸಾಲಂಗಿಲ್ಲ."

ನಾವು ಮುಟ್ಟಿದಾಗ ಮೋರಿಯ ಬಾಯಲ್ಲಿ ಹತ್ತು ಹನ್ನೆರಡು ಜನ ಸುತ್ತಿಗೆ, ಹಾರೆ ಹಿಡಿದು ಕುಳಿತಿದ್ದರು. ಯಾರೂ ಇನ್ನೂ ಏಟು ಹಾಕಿರಲಿಲ್ಲ. ಮರೆಪ್ಪ ಗೋಡೆಗೆ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕೂತಿದ್ದ. "ಒಡೀರಿ ಅನ್ನಲಿಕ್ಕ ಬಾಯಿ ಬರವಲ್ದು ಸಾಹೇಬ್ರ" ಎಂದ.

"ಇನ್ನೊಂದು ತಾಸು ತಡಿ" ಎಂದರು ಸಾಹೇಬರು.

ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಚಕ್ರವನ್ನು ನೂರಕ್ಕೆ ಇಳಿಸಿದೆ. ಮರೆಪ್ಪನ ಹೆಂಡತಿ ನಿಂಗಮ್ಮ ಗ್ಯಾಸ್ ಬತ್ತಿ ಹಿಡಿದು ಗೋಡೆಯ ಪಕ್ಕಕ್ಕೆ ನಿಂತಳು. ಪಕ್ಕದಿಂದ ಬೆಳಕು ಬಿದ್ದರೆ ಸಣ್ಣ ಗುಳಿಯೂ ನೆರಳು ಚೆಲ್ಲುತ್ತದೆ, ಏನನ್ನೂ ಬಚ್ಚಿಡಲಾಗುವುದಿಲ್ಲ. "ಇಪ್ಪತ್ತು ಎಣಸೂತನಕ ಯಾರೂ ಅಳ್ಳಾಡಬ್ಯಾಡ್ರಿ" ಎಂದು ಶಟರ್ ತೆರೆದೆ. ಮಬ್ಬು ಬೆಳಕನ್ನು ಕ್ಯಾಮರಾ ನಿಧಾನವಾಗಿ ಕುಡಿಯಿತು.

ಹಿಂಬದಿಯ ಪರದೆಯಲ್ಲಿ ಚಿತ್ರ ಮೂಡಿದಾಗ ಮರೆಪ್ಪನನ್ನು ಕರೆದೆ. ಹಿಗ್ಗಿಸಿ ತೋರಿಸಿದೆ. ಗೋಡೆ ನುಣ್ಣಗಿತ್ತು. ಕರಣಿ ಆಡಿಸಿದ ಕಮಾನು ಕಮಾನಾದ ಗೆರೆಗಳು ಒಂದೊಂದೂ ಎಣಿಸುವಂತೆ ಬಂದಿದ್ದವು. ಮರೆಪ್ಪ ಬಗ್ಗಿ ನೋಡಿದ. "ಇದು ನನ್ನ ಕೈ" ಎಂದ. ನಿಂಗಮ್ಮ ಬತ್ತಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ಗಜ ಗಜ ಮುಂದೆ ಸರಿಯುತ್ತ ಇಡೀ ಗೋಡೆ ತೆಗೆದೆವು. ಎಂಟನೆಯ ಫೋಟೋದಲ್ಲಿ ಬುಡದ ಹತ್ತಿರ ಅಂಗೈಯಗಲದ ಒಂದು ಕಲೆ ಕಂಡಿತು. ಹಿಗ್ಗಿಸಿದೆ. ತೂತುಗಳು. ಈ ಸಲ ಅವು ನನ್ನವಲ್ಲ, ಗೋಡೆಯವೇ. ಅಲ್ಲೊಂದು ಕಡೆ ಕಾಂಕ್ರೀಟು ನಿಜಕ್ಕೂ ಕೂತಿರಲಿಲ್ಲ. ಸಾಹೇಬರು ದೂರದಲ್ಲಿದ್ದರು. ಕ್ಯಾಮರಾ ನಾಲ್ಕು ಬೆರಳು ಮೇಲೆತ್ತಿ ಇನ್ನೊಂದು ತೆಗೆದರೆ ಆ ಜಾಗ ಬರುವುದೇ ಇಲ್ಲ. ನಿಜ ಹೇಳುತ್ತೇನೆ, ನನ್ನ ಕೈ ಸ್ಟ್ಯಾಂಡಿನ ತಿರುಪಿನ ತನಕ ಹೋಗಿತ್ತು. ಅವನಿಗೆ ಮಾಡಿದ ಅನ್ಯಾಯಕ್ಕೆ ಇಷ್ಟಾದರೂ ಮಾಡೋಣ ಅನ್ನಿಸಿತ್ತು.

ಮರೆಪ್ಪ ನನ್ನ ಹೆಗಲ ಹಿಂದೆಯೇ ನಿಂತಿದ್ದ. "ಅಲ್ಲೇನೋ ಅದ ಅಲ್ರಿ?" ಎಂದ. ಬಗ್ಗಿ ಗೋಡೆಯ ಬುಡ ಮುಟ್ಟಿದ, ಬೆರಳು ಒಳಗೆ ಹೋಯಿತು. "ಇದು ನನ್ನ ಗಲತಿ. ಇದನ್ನೂ ಹಾಕ್ರಿ ಸರ. ಖರೆ ಅಂದಮ್ಯಾಗ ಪೂರಾ ಖರೆ ಇರ್ಲಿ." ತಾನೇ ಹೋಗಿ ಸಾಹೇಬರನ್ನು ಕರೆತಂದು ತೋರಿಸಿದ.

ಅಷ್ಟು ಜಾಗವನ್ನು ಮಾತ್ರ ಅವನೇ ಒಡೆದು ಅಂದೇ ತುಂಬಿದ. ಮೇಲಿನ ಕಚೇರಿಯಿಂದ ಬಂದವರು ಹೊಸ ಫೋಟೋ ನೋಡಿ, ಗೋಡೆಯನ್ನೂ ಕಣ್ಣಾರೆ ನೋಡಿ ಒಪ್ಪಿದರು. ಮರೆಪ್ಪನ ಹೆಸರು ಉಳಿಯಿತು. ಹೇಳಿದ ದಿನವೇ ನೀರು ಹರಿಯಿತು. ನನ್ನ ಸರ್ವಿಸ್ ಬುಕ್ಕಿನಲ್ಲಿ "ಎಚ್ಚರಿಕೆ ನೀಡಲಾಗಿದೆ" ಎಂದು ಸಾಹೇಬರು ಕೆಂಪು ಶಾಯಿಯಲ್ಲಿ ಬರೆದರು. ಬರೆದು, ಶಾಯಿ ಒಣಗುವ ತನಕ ಚಹಾ ಕುಡಿಸಿದರು.

ಅಲ್ಲಿಂದ ಮುಂದೆ ಮೊದಲು ನೂರರಲ್ಲಿ ಶುರು ಮಾಡುವುದು, ಸ್ಟ್ಯಾಂಡು ಇಡಲು ಜಾಗವಿದ್ದರೆ ಇಡುವುದು, ಬೇರೆ ದಾರಿಯೇ ಇಲ್ಲದಾಗ ಅಂಕಿ ಏರಿಸುವುದು ರೂಢಿಯಾಯಿತು. ಶಿರವಾಳದ ಹಳೆಯ ಗುಡಿಗಳ ಹತ್ತಿರ ಕಾಲುವೆ ಹಾದಾಗ, ಗುಡಿಗೆ ಧಕ್ಕೆಯಾಗಿಲ್ಲ ಎಂದು ತೋರಿಸಲು ಒಳಗಿನ ಕಂಬಗಳನ್ನೆಲ್ಲ ನೂರರಲ್ಲೇ ತೆಗೆದೆ. ಒಂದೊಂದಕ್ಕೆ ಅರ್ಧ ನಿಮಿಷ. ಕಂಬದ ಮೇಲಿನ ಹೆಣ್ಣಿನ ಕಾಲ್ಗೆಜ್ಜೆಯ ಮಣಿಗಳೂ ಎದ್ದು ಬಂದವು.

ಹಾಗೆಂದು ತಪ್ಪು ನಿಂತಿತು ಅಂದುಕೊಳ್ಳಬೇಡಿ. ಇನಾಮದಾರ ಸಾಹೇಬರು ನಿವೃತ್ತರಾದ ದಿನ ಸಭಾಂಗಣದ ಒಳಗೆ ಎಂಟುನೂರರಲ್ಲಿ ಸಮಾರಂಭ ತೆಗೆದವನು, ಚಕ್ರ ಇಳಿಸುವುದನ್ನು ಮರೆತು ಹೊರಗಿನ ಸುಡುಬಿಸಿಲಿನಲ್ಲಿ ಎಲ್ಲರ ಗುಂಪು ಫೋಟೋ ತೆಗೆದೆ. ಬಿಳಿ ಅಂಗಿಯ ಸಾಹೇಬರು ಬಿಳಿ ಗೋಡೆಯಲ್ಲಿ ಕರಗಿಹೋಗಿದ್ದರು. ಮೀಸೆ, ಕನ್ನಡಕ ಎರಡೇ ಉಳಿದಿದ್ದವು. ಪ್ರಿಂಟು ಕೊಟ್ಟಾಗ ನೋಡಿ, "ಬಸವರಾಜ, ನಿವೃತ್ತಿ ಅಷ್ಟೇ ಆಗ್ಯದಪ್ಪ. ನೀ ನನ್ನ ಸೀದಾ ಸ್ವರ್ಗಕ್ಕ ಕಳಿಸಿಬಿಟ್ಟಿ" ಎಂದು ಹೊಟ್ಟೆ ಹಿಡಿದು ನಕ್ಕರು. ಅದನ್ನೇ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದಾರೆ.

ಅಶ್ವಿನಿ, ಇಷ್ಟು ಓದಿ ದೊಡ್ಡ ಅಂಕಿ ಕೆಟ್ಟದ್ದು ಅಂದುಕೊಂಡೀಯ. ಅದಕ್ಕೆ ಇನ್ನೊಂದು ಹೇಳಿ ಮುಗಿಸುತ್ತೇನೆ.

ನನ್ನ ಕೆಲಸದ ಕೊನೆಯ ವರ್ಷ, ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ನೀರೆತ್ತುವ ಕಟ್ಟಡದ ಫೋಟೋ ತೆಗೆಯುತ್ತಿದ್ದೆ. ಕಚೇರಿಗೆ ಆಗ ಇನ್ನೂ ಹೊಸ ಕ್ಯಾಮರಾ ಬಂದಿತ್ತು. ಮಧ್ಯಾಹ್ನ ಒಮ್ಮೆಲೇ ಮಳೆ ಹೊಡೆಯಿತು. ಕ್ಯಾಮರಾ ಎದೆಗೆ ಅವಚಿಕೊಂಡು ಹತ್ತಿರದ ಮನೆಯೊಂದಕ್ಕೆ ಓಡಿದೆ. ಮೀನು ಹಿಡಿಯುವವರ ಮನೆ. ಬಾಗಿಲ ಬಳಿ ದೇವಕ್ಕ ಎಂಬಾಕೆ ಬಲೆ ಹೊಲಿಯುತ್ತಿದ್ದಳು. ಒಳಗೆ ಅವಳ ತಾಯಿ ತಿಪ್ಪಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು.

ಚಹಾ ಕೊಟ್ಟ ದೇವಕ್ಕ ಕ್ಯಾಮರಾ ನೋಡಿ, "ನಮ್ಮವ್ವಂದೊಂದು ತೆಗೀರಿ ಸರ" ಎಂದಳು. ತಿಪ್ಪಮ್ಮ ಕೈ ಅಡ್ಡ ಹಿಡಿದಳು: "ಮಿಂಚು ಹೊಡಿಬ್ಯಾಡಪ್ಪ. ಕಣ್ಣು ತಾಳಂಗಿಲ್ಲ."

ಫ್ಲ್ಯಾಶ್ ಇಲ್ಲ. ಕಿಟಕಿಯಿಲ್ಲದ ಮನೆ, ಹೊರಗೆ ಮಳೆಮೋಡ. ಸ್ಟ್ಯಾಂಡು ಕಟ್ಟಡದ ಹತ್ತಿರವೇ ಉಳಿದಿತ್ತು. ಇದ್ದರೂ ಅಷ್ಟು ಹೊತ್ತು ಆಕೆ ಅಲುಗದೆ ಕೂಡಲಾರಳು. ಚಕ್ರವನ್ನು ಮೂರು ಸಾವಿರದ ಇನ್ನೂರಕ್ಕೆ ಏರಿಸಿದೆ. ಬಾಗಿಲಿನ ಬೆಳಕು ಕೆನ್ನೆಗೆ ಬೀಳುವಂತೆ ತಿರುಗಲು ಹೇಳಿ, ಮೂರು ತೆಗೆದೆ.

ಪ್ರಿಂಟಿಗೆಂದು ಮುಖದಷ್ಟನ್ನೇ ಹಿಗ್ಗಿಸಿದಾಗ ಕಾಳು ಕಾಳಾಗಿ ಕಂಡಿತು. ಕೊಡುವುದೋ ಬೇಡವೋ ಎಂದು ಎರಡು ವಾರ ಚೀಲದಲ್ಲೇ ಇಟ್ಟುಕೊಂಡಿದ್ದೆ. ಮತ್ತೆ ಆ ಕಡೆ ಕೆಲಸ ಬಿದ್ದಾಗ ಹೋಗಿ ಕೊಟ್ಟೆ. "ಬೆಳಕು ಇರ್ಲಿಲ್ಲವ್ವ. ಸಾಫ್ ಬಂದಿಲ್ಲ" ಎಂದು ಮೊದಲೇ ಹೇಳಿದೆ.

ದೇವಕ್ಕ ಫೋಟೋ ನೋಡಿದಳು. ಆಮೇಲೆ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಿದ್ದ ಹಳೆಯ ಫೋಟೋ ತೋರಿಸಿದಳು. ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು, ತಾಯಿಯ ಮುಖ ಪಿಂಗಾಣಿಯಂತೆ ನುಣ್ಣಗಿತ್ತು. "ಸಣ್ಣಾಕಿ ಇದ್ದಾಗ ಮೈಲಿ ಬಂದಿತ್ರಿ ಅವ್ವಗ. ಸ್ಟುಡಿಯೋದವ ಕಲಿ ಎಲ್ಲಾ ಒರಸಿ ಕೊಟ್ಟಾನ. ಅದು ಯಾರೋ ಹೆಂಗಸಾಗ್ಯಾಳ."

ಆಗಲೇ ನಾನು ತಿಪ್ಪಮ್ಮನ ಮುಖವನ್ನು ಸರಿಯಾಗಿ ನೋಡಿದೆ. ಕೆನ್ನೆ, ಹಣೆ, ಮೂಗಿನ ಮೇಲೆಲ್ಲ ಸಿಡುಬಿನ ಸಣ್ಣ ಗುಳಿಗಳು. ನನ್ನ ಫೋಟೋದಲ್ಲಿ ಯಾವುದು ಕ್ಯಾಮರಾದ ಕಾಳು, ಯಾವುದು ಆಕೆಯ ಕಲೆ ಎಂದು ನನಗೂ ಬೇರ್ಪಡಿಸಲಾಗಲಿಲ್ಲ.

ತಿಪ್ಪಮ್ಮ ಫೋಟೋ ಈಸಿಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ತನ್ನ ಗುಳಿಬಿದ್ದ ಕೆನ್ನೆಯ ಮೇಲೆ ಬೆರಳಾಡಿಸಿಕೊಂಡು ನಕ್ಕಳು. "ಇದರಾಗ ತಿಪ್ಪಮ್ಮ ಬಂದಾಳ ನೋಡು" ಎಂದಳು ಮಗಳಿಗೆ.

"ಬಿಸಿಲಿದ್ದಾಗ ಬರ್ತೀನಿ ಅಮ್ಮಾ, ಇನ್ನೊಂದು ಚಂದ ತೆಗೀತೀನಿ" ಎಂದೆ.

"ಬ್ಯಾಡಪ್ಪ" ಎಂದಳು ತಿಪ್ಪಮ್ಮ, ಫೋಟೋ ಮಡಿಲಲ್ಲಿಟ್ಟುಕೊಂಡು. "ಚಂದಂದು ಗ್ವಾಡಿ ಮ್ಯಾಲ ಅದ. ಇದು ನಂದು ಇರ್ಲಿ."